ನಿನ್ನೆಯ ಪತ್ರಿಕೆ ಎಲ್ಲಿದೆ?

(ಪತ್ರಿಕಾ ದಿನಾಚರಣೆಯ ಅಂಗವಾಗಿ ನಡೆದ ಪತ್ರಕರ್ತರ ಸಭೆಯೊಂದರಲ್ಲಿ ನಿವೃತ್ತ ಸುದ್ದಿ ಸಂಪಾದಕರೊಬ್ಬರು ಮಾಡಿದ ಭಾಷಣದ ಪಠ್ಯ)



ಜುಲೈ ಒಂದನೆಯ ತಾರೀಕು ಪತ್ರಕರ್ತರನ್ನೆಲ್ಲ ಒಂದೆಡೆ ಕೂಡಿಸಿ ಭಾಷಣ ಕೇಳಿಸುವುದು ನಮ್ಮಲ್ಲಿ ಬೆಳೆದುಬಂದಿರುವ ಪದ್ಧತಿ. ಭಾಷಣಕಾರನಾದವನು ಹರ್ಮನ್ ಮೋಗ್ಲಿಂಗ್ ಅವರ ಹೆಸರು ಹೇಳಬೇಕು, ‘ಮಂಗಳೂರ ಸಮಾಚಾರ’ಕ್ಕೆ ಕೈಮುಗಿಯಬೇಕು, ಈಚಿನ ದಿನಗಳಲ್ಲಿ ಪತ್ರಿಕಾವೃತ್ತಿ ಹಾಳಾಯಿತೆಂದು ನಿಟ್ಟುಸಿರು ಬಿಡಬೇಕು, ಆಮೇಲೆ ಊಟ. ಇಂಥ ಭಾಷಣಗಳನ್ನು ಎರಡು ಕಾಲಂಗೆ ಇಳಿಸುವ ಕೆಲಸವನ್ನು ಮೂವತ್ತೈದು ವರ್ಷ ಮಾಡಿದವನು ನಾನು. ಹಾಗಾಗಿ ನಿಟ್ಟುಸಿರನ್ನು ಕೈಬಿಡುತ್ತೇನೆ. ಮೋಗ್ಲಿಂಗ್ ಅವರನ್ನು ಮಾತ್ರ ಬಿಡಲಾಗದು. ಇಂದಿನ ವಿಷಯಕ್ಕೆ ಅವರು ಬೇಕು.

1843ರ ಜುಲೈ 1ರಂದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಆ ಪತ್ರಿಕೆ ಕಲ್ಲಚ್ಚಿನದು. ಕೈಬರಹವನ್ನು ಕಲ್ಲಿನ ಮೇಲೆ ಮೂಡಿಸಿ, ಮಸಿ ಸವರಿ, ಒಂದೊಂದೇ ಹಾಳೆ ತೆಗೆಯುವ ವಿಧಾನ. ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಊರಿನ ಸುದ್ದಿ, ಸರ್ಕಾರದ ಆಜ್ಞೆಗಳು, ಬೇರೆ ಸೀಮೆಗಳ ವರ್ತಮಾನ ಅದರಲ್ಲಿರುತ್ತಿದ್ದವು. ಮರುವರ್ಷ ಅದು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಎಂಬ ಹೆಸರಿನಲ್ಲಿ ಅಚ್ಚುಮೊಳೆಗಳಿಂದ ಮುದ್ರಣವಾಗತೊಡಗಿತು. ‘ಮಂಗಳೂರ ಸಮಾಚಾರ’ ಎಂಬ ಹೆಸರಿಗೆ ಒಂದು ವರ್ಷದ ಆಯುಸ್ಸೂ ಇರಲಿಲ್ಲ. ಆದರೆ ಅದರ ಸಂಚಿಕೆಗಳು ಇಂದಿಗೂ ಇವೆ, ಓದಲು ಸಿಗುತ್ತವೆ. ನೂರ ಎಂಬತ್ತು ವರ್ಷ ದಾಟಿದ ಮೇಲೂ ಅದರಲ್ಲಿ ಏನಿತ್ತೆಂಬುದರ ಬಗ್ಗೆ ಜಗಳವಿಲ್ಲ.

ಈಗ ನಿಮಗೊಂದು ಪ್ರಶ್ನೆ. 2003ರ ಜುಲೈ 1ರಂದು ಕನ್ನಡ ಪತ್ರಿಕೆಗಳ ಜಾಲತಾಣಗಳ ಮುಖಪುಟದಲ್ಲಿ ಏನಿತ್ತು? ಯಾವುದಾದರೂ ಒಂದು ಪತ್ರಿಕೆಯದನ್ನು ತೋರಿಸಬಲ್ಲವರು ಈ ಸಭೆಯಲ್ಲಿ ಇದ್ದರೆ ಕೈ ಎತ್ತಿ. ಕಾಯುತ್ತೇನೆ.

ಸರಿ. ‘ಡಿಜಿಟಲ್ ಯುಗಕ್ಕೆ ಪತ್ರಿಕಾವೃತ್ತಿ ಹೇಗೆ ಹೊಂದಿಕೊಳ್ಳುತ್ತಿದೆ’ ಎಂಬ ವಿಷಯ ಕೊಟ್ಟಿದ್ದೀರಿ. ಜಾಹೀರಾತು ಎಲ್ಲಿಗೆ ಹೋಯಿತು, ಓದುಗ ಎಲ್ಲಿಗೆ ಹೋದ, ಚಂದಾ ಕಟ್ಟಿ ಓದುವವರು ಇದ್ದಾರೆಯೇ ಎಂಬುದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರು ಮಧ್ಯಾಹ್ನದ ಗೋಷ್ಠಿಯಲ್ಲಿ ಹೇಳುತ್ತಾರೆ. ನನಗೆ ಹೇಳಬೇಕೆನಿಸಿರುವುದು ಒಂದೇ ಸಂಗತಿ. ಗಣಕಯಂತ್ರದಿಂದ ನಾವು ವೇಗವನ್ನು ಬೇಗ ಕಲಿತೆವು. ನೆನಪಿಟ್ಟುಕೊಳ್ಳುವುದನ್ನು ಅದಕ್ಕೆ ಒಪ್ಪಿಸಿ ಮರೆತೇಬಿಟ್ಟೆವು. ಇದು ನನಗೆ ಗೊತ್ತಾದದ್ದು ಒಬ್ಬ ಹೆಣ್ಣುಮಗಳಿಂದ.

2018ರಲ್ಲಿ, ನಾನು ನಿವೃತ್ತನಾಗುವುದಕ್ಕೆ ಒಂದು ವರ್ಷ ಮೊದಲು, ಆಕೆ ನಮ್ಮ ಕಚೇರಿಗೆ ಬಂದರು. ವಯಸ್ಸು ಇಪ್ಪತ್ತನಾಲ್ಕು ಇರಬಹುದು, ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯಿನಿ. ಆಕೆಗೆ ಒಂಬತ್ತು ವರ್ಷವಿದ್ದಾಗ, 2003ರ ಮಳೆಗಾಲದಲ್ಲಿ, ಆಕೆಯ ತಂದೆ ವಿದ್ಯುತ್ ಕಂಬದ ಮೇಲೆ ಕೆಲಸ ಮಾಡುತ್ತಿದ್ದಾಗ ಆಘಾತವಾಗಿ ತೀರಿಕೊಂಡಿದ್ದರು. ಗುತ್ತಿಗೆದಾರನ ಕೈಕೆಳಗಿನ ಕೂಲಿ ಅವರು. ಕುಡಿದು ಕಂಬ ಹತ್ತಿದ, ಸತ್ತ ಎಂದು ಊರಿನಲ್ಲಿ ಮಾತಾಯಿತು. ಆ ಮಾತು ಹದಿನೈದು ವರ್ಷ ಆ ಮನೆಯ ಜೊತೆಗೇ ಇತ್ತು. ಆಕೆಗೆ ಮದುವೆ ಮಾತುಕತೆ ನಡೆಯುವಾಗ ಮತ್ತೆ ಎದ್ದಿತು. “ಸರ್, ನಿಮ್ಮ ಪತ್ರಿಕೆಯಲ್ಲಿ ಆಗ ಬಂದಿತ್ತಂತೆ. ಎಲ್‌ಸಿ ತಗೊಂಡೇ ಕಂಬ ಹತ್ತಿದ್ದರು, ಆಮೇಲೆ ಯಾರೋ ಲೈನ್ ಚಾರ್ಜ್ ಮಾಡಿದರು ಅಂತ ಬರೆದಿದ್ದರಂತೆ. ಅಮ್ಮ ಹೇಳ್ತಾರೆ. ಅದರ ಒಂದು ಪ್ರತಿ ಬೇಕಿತ್ತು” ಎಂದರು. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ದುರಸ್ತಿ ಮುಗಿಯುವವರೆಗೆ ಈ ತಂತಿಗೆ ವಿದ್ಯುತ್ ಬಿಡುವುದಿಲ್ಲ ಎಂದು ಉಪಕೇಂದ್ರದಿಂದ ಪಡೆಯುವ ಒಪ್ಪಿಗೆ. ಆಕೆ ಪರಿಹಾರ ಕೇಳಲು ಬಂದಿರಲಿಲ್ಲ. ಆ ಕಾಲ ಮೀರಿತ್ತು. ಅಚ್ಚಾದ ಆ ನಾಲ್ಕು ಸಾಲು ಸಾಕಿತ್ತು.

ಇದೇನು ಮಹಾ ಕೆಲಸ ಎಂದುಕೊಂಡೆ. ಅದಕ್ಕೆ ಕೆಲವು ತಿಂಗಳ ಮೊದಲು ನಿವೃತ್ತ ಅಧ್ಯಾಪಕರೊಬ್ಬರು 1974ರ ಒಂದು ಸುದ್ದಿ ಕೇಳಿಕೊಂಡು ಬಂದಿದ್ದರು. ಕೆಂಪು ರಟ್ಟಿನ ಸಂಪುಟ ಇಳಿಸಿ, ಧೂಳು ಕೊಡವಿ, ಮುಕ್ಕಾಲು ಗಂಟೆಯಲ್ಲಿ ಹುಡುಕಿ ಕೊಟ್ಟಿದ್ದೆವು. 2003 ಎಂದರೆ ನಿನ್ನೆಯ ಮಾತು. ಆಕೆಯನ್ನು ಕೂರಿಸಿ, ಟೀ ತರಿಸಿ, ಗ್ರಂಥಾಲಯದ ಹುಡುಗನನ್ನು ಕರೆದೆ.

ಸಂಪುಟಗಳು 1999ಕ್ಕೆ ನಿಂತಿದ್ದವು. ಕಚೇರಿ ಹೊಸ ಕಟ್ಟಡಕ್ಕೆ ಬಂದಾಗ ಬೈಂಡಿಂಗ್ ನಿಲ್ಲಿಸಿದ್ದರು. ಎಲ್ಲವೂ ಕಂಪ್ಯೂಟರಿನಲ್ಲಿ ಇದೆಯಲ್ಲ, ಹಾಳೆ ಏಕೆ ಎಂದು ತೀರ್ಮಾನವಾಗಿತ್ತು. ಆ ಸಭೆಯಲ್ಲಿ ನಾನೂ ಇದ್ದೆ, ತಲೆಯಾಡಿಸಿದ್ದೆ. ಜಾಲತಾಣ ಆ ವೇಳೆಗೆ ಮೂರು ಸಲ ಹೊಸ ರೂಪ ತಳೆದಿತ್ತು. ಹಳೆಯ ಪುಟಗಳನ್ನು ಹೊಸದಕ್ಕೆ ಸಾಗಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಉಳಿದದ್ದು ಒಂದು ಉಕ್ಕಿನ ಬೀರು, ಅದರ ತುಂಬ ಸಿಡಿಗಳು. ಪ್ರತಿಯೊಂದರ ಮೇಲೂ ನಮ್ಮ ಪುಟವಿನ್ಯಾಸಕಾರರ ಅಂದವಾದ ಅಕ್ಷರದಲ್ಲಿ ತಾರೀಕು. ಅರ್ಧದಷ್ಟನ್ನು ಯಂತ್ರ ಓದಲೇ ಇಲ್ಲ. ಓದಿದವುಗಳಲ್ಲಿ ಪುಟ ತೆರೆದುಕೊಂಡಿತು, ಚಿತ್ರಗಳಿದ್ದವು, ಕಾಲಂಗಳಿದ್ದವು. ಕನ್ನಡ ಇರಲಿಲ್ಲ! ಕನ್ನಡ ಇರಬೇಕಾದ ಕಡೆಯಲ್ಲಿ ಇಂಗ್ಲಿಷ್ ಅಕ್ಷರ, ಪೌಂಡಿನ ಗುರುತು, ಯುರೋಪಿನ ಯಾವಯಾವುದೋ ಭಾಷೆಗಳ ಕೊಂಬುಬಾಲದ ಅಕ್ಷರಗಳು.

ಇದು ಹೇಗಾಯಿತೆಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮಲ್ಲಿ ಅನೇಕರು ಯೂನಿಕೋಡ್ ಬಂದ ಮೇಲೆ ಕೀಲಿಮಣೆ ಮುಟ್ಟಿದವರು.

ನಾನು 1984ರಲ್ಲಿ ಕೆಲಸಕ್ಕೆ ಸೇರಿದಾಗ ನಮ್ಮಲ್ಲಿ ಕೈಜೋಡಣೆ. ಕಂಪೋಸಿಟರ್ ಎದುರು ಓರೆಯಾಗಿ ನಿಲ್ಲಿಸಿದ ಕೇಸ್; ಅದರಲ್ಲಿ ನೂರಾರು ಸಣ್ಣ ಮನೆಗಳು; ಒಂದೊಂದರಲ್ಲಿ ಒಂದೊಂದು ಬಗೆಯ ಮೊಳೆ. ‘ಕ’ಗೆ ಒಂದು, ‘ಕಿ’ಗೆ ಒಂದು, ಒತ್ತಕ್ಷರಕ್ಕೆ ಬೇರೆ, ಕೊಂಬಿಗೆ ಬೇರೆ. ಮೊಳೆ ಜೋಡಿಸುವವನಿಗೆ ಬೇಕಾದದ್ದು ಅಕ್ಷರದ ಉಚ್ಚಾರವಲ್ಲ, ಅದರ ಆಕಾರದ ತುಂಡು. ಗಣಕ ಬಂದಾಗ ನಾವು ಮಾಡಿದ್ದು ಇದೇ ಕೇಸನ್ನು ಅದರೊಳಗೆ ಸಾಗಿಸಿದ್ದು. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಇಂಗ್ಲಿಷ್ ಅಕ್ಷರ ಎಂದು ಅಮೆರಿಕದವರು 1960ರ ದಶಕದಲ್ಲಿಯೇ ನಿಗದಿ ಮಾಡಿಕೊಂಡಿದ್ದರು; ಆಸ್ಕಿ ಎನ್ನುವುದು ಅದಕ್ಕೆ. ಅದನ್ನು ಹಿಗ್ಗಿಸಿದರೂ ಒಂದು ಫಾಂಟಿನಲ್ಲಿ ಹೆಚ್ಚೆಂದರೆ 256 ಮನೆಗಳು. ಆ ಮನೆಗಳಲ್ಲಿದ್ದ ಇಂಗ್ಲಿಷ್ ಅಕ್ಷರಗಳ ಚಿತ್ರ ತೆಗೆದು ಕನ್ನಡದ ತುಂಡುಗಳ ಚಿತ್ರ ಕೂರಿಸಿದೆವು. ಒಳಗೆ ಬಾಡಿಗೆದಾರರು ಬದಲಾದರು; ಬಾಗಿಲ ಮೇಲಿನ ಹೆಸರಿನ ಹಲಗೆ ಮಾತ್ರ ಹಳೆಯದೇ ಉಳಿಯಿತು.

ಉದಾಹರಣೆಗೆ, ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಗಣಕ ಉಳಿಸಿಕೊಳ್ಳುವುದು ಇದನ್ನು: ಇಂಗ್ಲಿಷಿನ ‘ಪಿ’, ತಲೆಯ ಮೇಲೆ ಓರೆಗೀಟಿರುವ ‘ಎ’, ಬ್ರಿಟಿಷರ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನ್ನರ ಜೋಡಿ ‘ಎಸ್’, ಆಮೇಲೆ ‘ಕ್ಯೂ’, ಮತ್ತೊಮ್ಮೆ ಆ ‘ಎ’. ಫಾಂಟ್ ಇರುವ ತನಕ ಇದು ನಮ್ಮ ಕಣ್ಣಿಗೆ ‘ಕನ್ನಡ’. ಫಾಂಟ್ ಕಳೆದುಹೋದ ದಿನ ಅದು ಯಾರ ಭಾಷೆಯೂ ಅಲ್ಲ. ಅದರ ಮೇಲೆ, ಒಂದೊಂದು ಕಂಪನಿಯ ಫಾಂಟಿನಲ್ಲಿ ಮನೆಗಳ ಹಂಚಿಕೆ ಒಂದೊಂದು ಬಗೆ. ಒಬ್ಬರ ‘ಕ’ ಇನ್ನೊಬ್ಬರಲ್ಲಿ ‘ಮ’ದ ಅರ್ಧ ಆಗಬಹುದು. ನಮ್ಮ ಕಚೇರಿಯ ತಂತ್ರಾಂಶಕ್ಕಂತೂ ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್ ಎಂಬ ಪುಟ್ಟ ಬೀಗ ಬೇಕಿತ್ತು, ಅದಿಲ್ಲದಿದ್ದರೆ ನಡೆಯದು. 2018ರಲ್ಲಿ ಆ ಡಾಂಗಲ್ಲೂ ಇರಲಿಲ್ಲ, ಅದನ್ನು ಸಿಕ್ಕಿಸುವ ಕಂಡಿಯಿರುವ ಯಂತ್ರವೂ ಇರಲಿಲ್ಲ.

ಇದನ್ನು ಮಾಡಿದವರನ್ನು ದೂರುತ್ತಿದ್ದೇನೆ ಎಂದು ತಿಳಿಯಬಾರದು. ಗಣಕದಲ್ಲಿ ಕನ್ನಡ ಮೂಡುವುದೇ ಪವಾಡವಾಗಿದ್ದ ಕಾಲ ಅದು. ಕಿನ್ನಿಕಂಬಳ ಪದ್ಮನಾಭ ರಾಯರು ಕನ್ನಡದ ಧ್ವನಿಕ್ರಮಕ್ಕೆ ಒಗ್ಗುವ ಕೀಲಿಮಣೆ ರೂಪಿಸಿ, ಸೇಡಿಯಾಪು ಕೃಷ್ಣ ಭಟ್ಟರ ಹೆಸರಿನಲ್ಲಿ ತಂತ್ರಾಂಶ ಮಾಡಿ ಪುಕ್ಕಟೆಯಾಗಿ ಹಂಚಿದರು. ಇಂದು ನಾವು ಬಳಸುವ ಕೀಲಿಮಣೆಯ ಮೂಲ ಅವರದೇ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ಹೊರದೇಶದ ಕನ್ನಡಿಗರ ಕೈಗೆ ಕನ್ನಡ ಕೊಟ್ಟಿತು. ಪೂರ್ಣಚಂದ್ರ ತೇಜಸ್ವಿಯವರು ಕಾಡು, ಕಾಫಿತೋಟದ ನಡುವೆ ಕುಳಿತು ಕನ್ನಡ ತಂತ್ರಾಂಶಕ್ಕಾಗಿ ಗುದ್ದಾಡಿದ್ದು ನಿಮಗೆ ಗೊತ್ತೇ ಇದೆ. ಇವರೆಲ್ಲರ ಗಮನ ಬರೆಯುವುದರ ಮೇಲಿತ್ತು; ಅದು ಸರಿಯೂ ಆಗಿತ್ತು. ಇಪ್ಪತ್ತು ವರ್ಷದ ಮೇಲೆ ಓದುವವರ ಬಗ್ಗೆ ಯೋಚಿಸಬೇಕಾದವರು ಪತ್ರಿಕೆಯವರು. ನಾವು.

ಯೂನಿಕೋಡ್ ಇದಕ್ಕೆ ಮದ್ದಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ತಮ್ಮದೇ ಸಂಖ್ಯೆ. ಬಾಡಿಗೆ ಮನೆಯಲ್ಲ, ಸ್ವಂತದ್ದು. ತಮಾಷೆಯೆಂದರೆ 1991ರಲ್ಲಿ ಬಂದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವಿತ್ತು. ಅಂದರೆ ನಾವು ಸಿಡಿಗಳಲ್ಲಿ ಪುಟ ತುಂಬಿಡುವುದಕ್ಕೆ ವರ್ಷಗಳ ಮೊದಲೇ ಮನೆ ಕಟ್ಟಿ ಸಿದ್ಧವಾಗಿತ್ತು. ನಾವು ಏಕೆ ಹೋಗಲಿಲ್ಲ? ಸೋಮಾರಿತನವೊಂದೇ ಕಾರಣವಲ್ಲ. ಕನ್ನಡದ ಯೂನಿಕೋಡ್ ಮೈಕ್ರೋಸಾಫ್ಟಿನ ವಿಂಡೋಸ್‌ನಲ್ಲಿ ಬಂದದ್ದು 2001ರ ಎಕ್ಸ್‌ಪಿಯಲ್ಲಿ. ನಾವು ಪುಟ ಕಟ್ಟುತ್ತಿದ್ದ ಪೇಜ್‌ಮೇಕರ್ ಕೊನೆಯುಸಿರೆಳೆಯುವ ತನಕ ಯೂನಿಕೋಡ್ ಕಲಿಯಲೇ ಇಲ್ಲ. ಹಾಗಾಗಿ ಎರಡು ಸಂಸಾರ ಸಾಗಿಸಬೇಕಾಯಿತು. ಅಚ್ಚಿಗೆ ಹಳೆಯ ಫಾಂಟ್. ಅದನ್ನು ಪರಿವರ್ತಕವೊಂದಕ್ಕೆ ಹಾಕಿ ಜಾಲತಾಣಕ್ಕೆ ಯೂನಿಕೋಡ್. ಈ ಪರಿವರ್ತಕಗಳನ್ನು ಎಷ್ಟೋ ಸಲ ಬರೆದುಕೊಟ್ಟವರು ಸಂಬಳವಿಲ್ಲದ ಉತ್ಸಾಹಿಗಳು. ಅದಕ್ಕೂ ಮೊದಲಿನ ಜಾಲತಾಣಗಳ ಅವಸ್ಥೆ ಇನ್ನೊಂದು ಬಗೆ. ಒಂದೊಂದು ಪತ್ರಿಕೆ ಓದಲೂ ಒಂದೊಂದು ಫಾಂಟ್ ಇಳಿಸಿಕೊಳ್ಳಬೇಕು, ಅಥವಾ ಪುಟದ ಚಿತ್ರವನ್ನೇ ನೋಡಬೇಕು. ಎರಡರಲ್ಲೂ ಹುಡುಕುವ ಯಂತ್ರಕ್ಕೆ ಅಲ್ಲಿ ಕನ್ನಡ ಕಾಣುವುದಿಲ್ಲ. ನಾನು ಆಗ ಮುಖಪುಟ ಕೇಳಿದೆನಲ್ಲ. ಅಮೆರಿಕದ ಇಂಟರ್ನೆಟ್ ಆರ್ಕೈವ್ ಸಂಸ್ಥೆ 1996ರಿಂದ ಜಾಲಪುಟಗಳ ಪ್ರತಿ ತೆಗೆದಿಡುತ್ತಾ ಬಂದಿದೆ. ಅದರಲ್ಲಿ ಆ ಕಾಲದ ಪುಟ ಸಿಕ್ಕಿದರೂ ಫಾಂಟ್ ಸಿಕ್ಕದಿದ್ದರೆ ನಮಗೆ ಕಾಣುವುದು ಪೌಂಡಿನ ಗುರುತೇ.

ಪರಿವರ್ತನೆ ಕೂಡ ಅಂದುಕೊಂಡಷ್ಟು ಸಲೀಸಲ್ಲ. ‘ಸರ್ಕಾರ’ವನ್ನೇ ನೋಡಿ. ನಾಲಿಗೆಗೆ ‘ರ್’ ಮೊದಲು, ‘ಕಾ’ ಆಮೇಲೆ. ಕಣ್ಣಿಗೆ ತಿರುಗುಮುರುಗು: ‘ಕಾ’ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟುಗಳು ಕಣ್ಣಿನ ಕ್ರಮದಲ್ಲಿ ಉಳಿಸಿಕೊಂಡದ್ದನ್ನು ಯೂನಿಕೋಡ್ ನಾಲಿಗೆಯ ಕ್ರಮದಲ್ಲಿ ಕೇಳುತ್ತದೆ. ಎಲ್ಲಿಯಾದರೂ ಪರಿವರ್ತಕ ಮುಗ್ಗರಿಸಿದರೆ ಸರ್ಕಾರವೇ ಉರುಳುತ್ತದೆ. ಇನ್ನು ನಮ್ಮ ಅನುಸ್ವಾರದ ಸೊನ್ನೆ, ಅಂಕಿಯ ಸೊನ್ನೆ ಎರಡೂ ನೋಡಲು ಒಂದೇ. ಅವಸರದಲ್ಲಿ ‘ಬೆಂಗಳೂರು’ ಬರೆಯುವಾಗ ಅಂಕಿಯ ಸೊನ್ನೆ ಒತ್ತಿದವರಿದ್ದಾರೆ. ಓದುಗನಿಗೆ ತಪ್ಪು ಕಾಣುವುದಿಲ್ಲ, ಕರಡು ತಿದ್ದುವವನಿಗೂ ಕಾಣುವುದಿಲ್ಲ. ಹುಡುಕುವಾಗ ಮಾತ್ರ ಆ ವರದಿ ಸಿಗುವುದಿಲ್ಲ, ಇದ್ದೂ ಇಲ್ಲದಂತೆ.

ಇದು ನಮ್ಮೊಬ್ಬರ ಕತೆಯಲ್ಲ ಎಂಬುದು ಸಮಾಧಾನವೋ ಸಂಕಟವೋ ತಿಳಿಯದು. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2013ರಲ್ಲಿದ್ದ ಜಾಲಪುಟಗಳಲ್ಲಿ ನೂರಕ್ಕೆ 38ರಷ್ಟು ಹತ್ತು ವರ್ಷ ಕಳೆಯುವಷ್ಟರಲ್ಲಿ ಸಿಗದಂತಾಗಿದ್ದವು. ‘ಹೊಸ ಪ್ರತಿ ಬಂತು, ಹಳೆಯದನ್ನು ಎಸೆಯಿರಿ’ ಎಂಬ ಬುದ್ಧಿಯಂತೂ ಗಣಕಕ್ಕಿಂತ ಹಳೆಯದು. ಮೈಕ್ರೋಫಿಲ್ಮ್ ಬಂದಾಗ ಪಶ್ಚಿಮದ ದೊಡ್ಡ ದೊಡ್ಡ ಗ್ರಂಥಾಲಯಗಳು, ಕಾಗದ ಹೇಗೂ ಪುಡಿಯಾಗುತ್ತದೆ ಎಂದು ಪತ್ರಿಕೆಗಳ ಮೂಲ ಸಂಪುಟಗಳನ್ನು ವಿಲೇವಾರಿ ಮಾಡಿದವು. ಫಿಲ್ಮು ಕಪ್ಪುಬಿಳುಪು, ನೂರು ವರ್ಷ ಹಿಂದಿನ ಬಣ್ಣದ ಪುಟಗಳೂ ಅದರಲ್ಲಿ ಬೂದಿಯಂತೆ ಕಂಡವು. 1999ರಲ್ಲಿ ಬ್ರಿಟಿಷ್ ಲೈಬ್ರರಿ ತನ್ನಲ್ಲಿದ್ದ ಅಮೆರಿಕದ ಹಳೆಯ ಪತ್ರಿಕೆಗಳನ್ನು ಮಾರಲು ಹೊರಟಾಗ ನಿಕಲ್ಸನ್ ಬೇಕರ್ ಎಂಬ ಅಮೆರಿಕದ ಕಾದಂಬರಿಕಾರ ತನ್ನ ವೃದ್ಧಾಪ್ಯಕ್ಕೆಂದು ಕೂಡಿಟ್ಟಿದ್ದ ಹಣ ಸುರಿದು ಸಾವಿರಾರು ಸಂಪುಟ ಕೊಂಡುಕೊಂಡ. ಅದರಲ್ಲಿ ಪುಲಿಟ್ಜರ್ ನಡೆಸುತ್ತಿದ್ದ ‘ನ್ಯೂಯಾರ್ಕ್ ವರ್ಲ್ಡ್’ ಕೂಡ ಇತ್ತು. ಕೆಲವು ವರ್ಷ ಅವನ್ನು ಕಾಪಾಡಿ, 2004ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ. ಪುಡಿಯಾಗುತ್ತದೆ ಎಂದಿದ್ದ ಕಾಗದ ಚೆನ್ನಾಗಿಯೇ ಇತ್ತು.

ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂಬ ಭರವಸೆಯೂ ಹಾಗೆಯೇ. ಗೂಗಲ್ ಕಂಪನಿ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜಾಲಕ್ಕೇರಿಸುವ ದೊಡ್ಡ ಯೋಜನೆ ಹಾಕಿಕೊಂಡಿತ್ತು. 2011ರಲ್ಲಿ ಅದನ್ನು ನಿಲ್ಲಿಸಿತು. ಅವರ ಹಣ, ಅವರ ಇಷ್ಟ. ಹಾಂಗ್‌ಕಾಂಗಿನ ‘ಆಪಲ್ ಡೈಲಿ’ಯ ಸಂಗತಿ ಬೇರೆ ಥರದ್ದು. ಸರ್ಕಾರದ ಕ್ರಮದಿಂದ ಆ ಪತ್ರಿಕೆ 2021ರ ಜೂನ್ 24ರಂದು ಕಡೆಯ ಸಂಚಿಕೆ ತಂದಿತು. ಹತ್ತು ಲಕ್ಷ ಪ್ರತಿ ಅಚ್ಚು ಹಾಕಿದರು, ಜನ ನಸುಕಿನಿಂದಲೇ ಸಾಲುಗಟ್ಟಿ ಕೊಂಡರು. ಅದೇ ಹೊತ್ತಿಗೆ ಜಾಲತಾಣ ಕಣ್ಮುಚ್ಚಿತು. ಇಪ್ಪತ್ತಾರು ವರ್ಷಗಳ ಪತ್ರಿಕೆಯ ಅಷ್ಟೂ ವರ್ಷಗಳ ಜಾಲಬರಹಗಳಿಗೆ ಅದರ ವಿಳಾಸದಲ್ಲಿ ಜಾಗವಿಲ್ಲವಾಯಿತು. ಅಷ್ಟಿಷ್ಟು ಉಳಿದಿದ್ದರೆ ಓದುಗರು ತಾವಾಗಿಯೇ ಪ್ರತಿ ಮಾಡಿಟ್ಟುಕೊಂಡದ್ದರಿಂದ. ಕೊನೆಯ ದಿನದ ಅಚ್ಚಿನ ಪ್ರತಿಯಾದರೋ ಎಷ್ಟು ಮನೆಗಳಲ್ಲಿ ಮಂಚದ ಕೆಳಗೆ ಇದೆಯೋ, ಯಾರು ಹುಡುಕಿ ತೆಗೆಯುತ್ತಾರೆ?

ಕಳೆದುಹೋಗುವುದು ಒಂದು ಬಗೆ. ಕಳೆದುಹೋಗದೆಯೇ ಬದಲಾಗುವುದು ಇನ್ನೊಂದು. ಮೊದಲು ತಪ್ಪು ಮಾಡಿದರೆ ಮರುದಿನ ಒಳಪುಟದ ಮೂಲೆಯಲ್ಲಿ ‘ತಿದ್ದುಪಡಿ’ ಹಾಕುತ್ತಿದ್ದೆವು. ಯಾರೂ ಓದದಿರಲಿ ಎಂಬ ಆಸೆಯಿಂದ ಆದಷ್ಟು ಚಿಕ್ಕ ಅಕ್ಷರದಲ್ಲಿ ಹಾಕುತ್ತಿದ್ದೆವು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಆದರೂ ಮೊದಲ ತಪ್ಪು ಅಳಿಯುತ್ತಿರಲಿಲ್ಲ, ತಿದ್ದುಪಡಿಯೂ ಅಳಿಯುತ್ತಿರಲಿಲ್ಲ. ಎರಡೂ ತಾರೀಕಿನ ಸಮೇತ ಉಳಿಯುತ್ತಿದ್ದವು. ಒಮ್ಮೆ ಒಬ್ಬ ಓದುಗರು ಫೋನ್ ಮಾಡಿ, ನಮ್ಮ ಜಾಲತಾಣದ ಒಂದು ತಲೆಬರಹ ಅವರ ಸಮುದಾಯಕ್ಕೆ ಅವಮಾನ ಮಾಡುವಂತಿದೆ ಎಂದು ತಕರಾರು ತೆಗೆದರು. ನಾನು ನೋಡಿದೆ, ಅಂಥದ್ದೇನೂ ಇರಲಿಲ್ಲ. “ನೀವು ಬೇರೆ ಪತ್ರಿಕೆ ನೋಡಿರಬೇಕು, ಸ್ವಾಮಿ” ಎಂದೆ. ಅವರು ಫೋನಿನಲ್ಲಿ ತೆಗೆದ ಚಿತ್ರ ಕಳಿಸಿದರು. ನಮ್ಮದೇ ಪುಟ, ನಮ್ಮದೇ ತಲೆಬರಹ. ರಾತ್ರಿ ಹತ್ತರಿಂದ ಬೆಳಗಿನವರೆಗೆ ಮೂರು ಸಲ ಬದಲಾಗಿತ್ತು. ಬದಲಿಸಿದ ಹುಡುಗನಿಗೆ ತಾನೇನು ತಪ್ಪು ಮಾಡಿದೆ ಎಂದು ತಿಳಿಯಲಿಲ್ಲ. ಸರಿಪಡಿಸಿದೆನಲ್ಲ ಸರ್ ಎಂದ. ಅವನು ಹೇಳಿದ್ದರಲ್ಲೂ ನ್ಯಾಯವಿತ್ತು. ಸುಳ್ಳು ಹೇಳಿದ್ದು ನಾನು, ಗೊತ್ತಿಲ್ಲದೆ. ಅಮೆರಿಕದಲ್ಲಿ ಕೆಲವರು 2012ರಲ್ಲಿ ನ್ಯೂಸ್‌ಡಿಫ್ಸ್ ಎಂಬ ತಾಣ ಮಾಡಿ, ‘ನ್ಯೂಯಾರ್ಕ್ ಟೈಮ್ಸ್’ನಂಥ ದೊಡ್ಡವರು ಪ್ರಕಟಿಸಿದ ಮೇಲೆ ಸದ್ದಿಲ್ಲದೆ ಏನೇನು ಬದಲಿಸುತ್ತಾರೆ ಎಂಬುದನ್ನು ಸಾಲು ಸಾಲಾಗಿ ಹೋಲಿಸಿ ತೋರಿಸಿದರು. ದೊಡ್ಡವರೂ ನಮ್ಮಂತೆಯೇ.

ಕಾನೂನು ಏನು ಹೇಳುತ್ತದೆ ಎಂದು ಕೇಳಬಹುದು. ಪತ್ರಿಕೆಯ ಮೇಲೆ ಮುದ್ರಕ, ಪ್ರಕಾಶಕರ ಹೆಸರು ಇರಲೇಬೇಕೆಂದು ಬ್ರಿಟಿಷರು 1867ರ ಕಾಯಿದೆಯ ಕಾಲದಿಂದ ಕಟ್ಟುಪಾಡು ಮಾಡಿದರು. ಅವರ ಉದ್ದೇಶ ನಮ್ಮನ್ನು ಹಿಡಿಯುವುದಾಗಿತ್ತು. ನಮಗೆ ಅದರಿಂದಾದ ಲಾಭ, ಪ್ರತಿ ಸಂಚಿಕೆಗೂ ಊರು, ದಿನ, ಹೊಣೆಗಾರ ಎಂಬುದು ನಮೂದಾಗಿ ಉಳಿದದ್ದು. (ಆ ಕಾಯಿದೆಯ ಬದಲಿಗೆ 2023ರ ಹೊಸ ಕಾಯಿದೆ 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ.) ಪತ್ರಿಕೆಗಳ ಪ್ರತಿಯನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೇ ಮೊದಲಾದವುಗಳಿಗೆ ಕಳಿಸಬೇಕೆಂಬ 1954ರ ಕಾಯಿದೆಯೂ ಇದೆ; 1956ರ ತಿದ್ದುಪಡಿಯಿಂದ ಪತ್ರಿಕೆಗಳು ಅದರೊಳಗೆ ಬಂದವು. ಅದರ ಲೆಕ್ಕವೆಲ್ಲ ಅಚ್ಚಾದ ಹಾಳೆಯದು. ಬ್ರಿಟನ್ 2013ರ ಏಪ್ರಿಲ್‌ನಲ್ಲಿ ನಿಯಮ ಮಾಡಿ ತನ್ನ ಗ್ರಂಥಾಲಯಗಳಿಗೆ ಆ ದೇಶದ ಜಾಲತಾಣಗಳನ್ನೂ ಪ್ರತಿ ತೆಗೆದಿಡುವ ಹಕ್ಕು ಕೊಟ್ಟಿತು. ನಮ್ಮಲ್ಲಿ ಇನ್ನೊಂದು ತೊಡಕು ಇದೆ. ಗಣಕದಿಂದ ಪುಟ ಸಾಗಿಸುವುದು ಸುಲಭವಾದ ಮೇಲೆ ಪತ್ರಿಕೆಗಳು ಜಿಲ್ಲೆಗೊಂದು ಆವೃತ್ತಿ ಮಾಡಿದವು. ನಮ್ಮ ತಾಲ್ಲೂಕಿನ ಸುದ್ದಿ ನಮ್ಮ ಜಿಲ್ಲೆಯ ಪುಟದಲ್ಲಿ ಮಾತ್ರ ಬರುತ್ತದೆ. ಪಕ್ಕದ ಜಿಲ್ಲೆಯವನಿಗೇ ಕಾಣುವುದಿಲ್ಲ. ದೂರದ ಗ್ರಂಥಾಲಯದಲ್ಲಿ ರಾಜಧಾನಿಯ ಆವೃತ್ತಿ ಇದ್ದರೆ ಕಂಬದ ಮೇಲೆ ಸತ್ತವನ ಸುದ್ದಿ ಅದರಲ್ಲಿ ಇರುವುದಿಲ್ಲ.

ಎಲ್ಲ ಕೆಟ್ಟಿತು ಎನ್ನುವವನು ನಾನಲ್ಲ ಎಂದು ಮೊದಲೇ ಹೇಳಿದ್ದೇನೆ. ತಾಲ್ಲೂಕಿನ ವರದಿಗಾರ ಸುದ್ದಿಯ ಲಕೋಟೆಯನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, ಅದು ತಲುಪಿತೋ ಇಲ್ಲವೋ ಎಂದು ರಾತ್ರಿಯೆಲ್ಲ ಹೊರಳಾಡುತ್ತಿದ್ದುದನ್ನು ಕಂಡವನಿಗೆ ಈಗಿನ ಸೌಕರ್ಯದ ಬೆಲೆ ಗೊತ್ತು. ಅಷ್ಟೇಕೆ, ಪುಟದ ಚಿತ್ರದಿಂದ ಕನ್ನಡ ಅಕ್ಷರ ಓದಿ ಪಠ್ಯವಾಗಿಸುವ ತಂತ್ರಾಂಶ ಈಗ ಬಂದಿದೆ. ಒತ್ತಕ್ಷರದಲ್ಲಿ ಎಡವಿದರೂ ಹುಡುಕಾಟಕ್ಕೆ ಸಾಕು. ಬೆಂಗಳೂರಿನಲ್ಲಿ ‘ಸರ್ವೆಂಟ್ಸ್ ಆಫ್ ನಾಲೆಡ್ಜ್’ ಎಂಬ ಹೆಸರಿನಲ್ಲಿ ಕೆಲಸ ಮಾಡುವವರು ಹಳೆಯ ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಏರಿಸುತ್ತಿದ್ದಾರೆ. ವಿಚಿತ್ರ ನೋಡಿ: ನಮ್ಮ 1974ರ ಸಂಪುಟವನ್ನು ನಾಳೆಯೇ ಡಿಜಿಟಲ್ ಮಾಡಬಹುದು. ಮಾಡಲಾಗದ್ದು, ಹುಟ್ಟಿದಾಗಲೇ ಡಿಜಿಟಲ್ ಆಗಿದ್ದ 2003ರದನ್ನು.

ಆದ್ದರಿಂದ ನಿಮ್ಮಲ್ಲಿ ಕಚೇರಿ ನಡೆಸುವವರಿಗೆ ನನ್ನ ಕೋರಿಕೆ ಇಷ್ಟು. ಪ್ರತಿ ಆವೃತ್ತಿಯ ಒಂದು ಪ್ರತಿಯನ್ನಾದರೂ ಬೈಂಡ್ ಮಾಡಿಸಿ. ಖರ್ಚು ದೊಡ್ಡದಲ್ಲ, ಒಂದು ಸಮಾರಂಭದ ಹಾರತುರಾಯಿಗಿಂತ ಕಡಿಮೆ. ಹಳೆಯ ಫಾಂಟಿನ ಕಡತ ಉಳಿದಿದ್ದರೆ, ಅದನ್ನು ಬಲ್ಲ ಪುಟವಿನ್ಯಾಸಕಾರರು ಇನ್ನೂ ಇರುವಾಗಲೇ ಯೂನಿಕೋಡ್‌ಗೆ ತನ್ನಿ. ಜಾಲತಾಣ ಹೊಸದು ಮಾಡುವಾಗ ಹಳೆಯ ವಿಳಾಸಗಳು ಸಾಯದಂತೆ ನೋಡಿಕೊಳ್ಳಲು ಗುತ್ತಿಗೆಯಲ್ಲಿಯೇ ಬರೆಯಿಸಿ. ತಿದ್ದಿದಾಗ ತಿದ್ದಿದ್ದೇವೆ ಎಂದು ಕೆಳಗೆ ಬರೆಯಿರಿ, ಗಂಟೆ ಸಮೇತ.

ಆ ಹೆಣ್ಣುಮಗಳ ವಿಷಯ ಅರ್ಧಕ್ಕೆ ಬಿಟ್ಟೆ. ಆಕೆಯನ್ನು ಅಂದು ಬರಿಗೈಯಲ್ಲಿ ಕಳಿಸಿದೆ. ಊರಿನ ಗ್ರಂಥಾಲಯದಲ್ಲಿ ವಿಚಾರಿಸಿದರೆ ಆ ವರ್ಷದ ಪತ್ರಿಕೆಗಳು ಎಂದೋ ರದ್ದಿಗೆ ಹೋಗಿದ್ದವು. ಆಮೇಲೆ ಎರಡು ವಾರ ಬಿಟ್ಟು ನನಗೆ ಹೊಳೆಯಿತು. ಆ ತಾಲ್ಲೂಕಿನ ನಮ್ಮ ಅರೆಕಾಲಿಕ ವರದಿಗಾರರು ಪತ್ರಿಕೆಯ ಏಜೆಂಟರೂ ಆಗಿದ್ದರು, ಬಸ್ ನಿಲ್ದಾಣದ ಪಕ್ಕದಲ್ಲಿ ಅವರ ಅಂಗಡಿ. ಆಗೆಲ್ಲ ಅವರಿಗೆ ಸಂಬಳವಿಲ್ಲ. ಪ್ರಕಟವಾದ ಸುದ್ದಿಗೆ ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ಸಂಭಾವನೆ. ತಿಂಗಳ ಕೊನೆಗೆ ತಮ್ಮ ಸುದ್ದಿಗಳನ್ನೆಲ್ಲ ಕತ್ತರಿಸಿ, ಹಾಳೆಗೆ ಅಂಟಿಸಿ, ಅಳತೆ ಬರೆದು ಕಚೇರಿಗೆ ಕಳಿಸಬೇಕು. ನಮ್ಮ ಲೆಕ್ಕಪತ್ರ ವಿಭಾಗದವರು ಆ ಅಳತೆಯಲ್ಲಿ ಕತ್ತರಿ ಆಡಿಸುತ್ತಿದ್ದರು. ಹಾಗಾಗಿ ಜಗಳಕ್ಕೆ ಬೇಕಾದೀತೆಂದು ಅವರು ಮಾರಾಟವಾಗದೆ ಉಳಿದ ಪ್ರತಿಯಿಂದ ಇನ್ನೊಂದು ಕತ್ತರಿಸಿ ತಮ್ಮಲ್ಲೇ ಇಟ್ಟುಕೊಳ್ಳುತ್ತಿದ್ದರಂತೆ. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಫೋನ್ ಎತ್ತಿದ್ದು ಅವರ ಶ್ರೀಮತಿ. “ಇದೆ, ಅಣ್ಣಾ. ಮೇಲಿನ ಅಟ್ಟದಲ್ಲಿ ಇದೆ. ನಿಮ್ಮ ಕಚೇರಿಯಿಂದ ಬರಬೇಕಾದ ಬಾಕಿಯ ಲೆಕ್ಕ ಅಂತ ಇಟ್ಟಿದ್ದೆ” ಎಂದರು.

ಉದ್ದನೆಯ ಕಿರ್ದಿ ಪುಸ್ತಕಗಳು, ಒಟ್ಟು ಒಂಬತ್ತು. ಮೈದಾ ಅಂಟು ಹಚ್ಚಿ ಅಂಟಿಸಿದ ತುಂಡುಗಳು, ಪಕ್ಕದಲ್ಲಿ ತಾರೀಕು, ಕೆಂಪು ಶಾಯಿಯಲ್ಲಿ ಅಳತೆ. 2003ರ ಆಗಸ್ಟ್‌ನ ಒಂದು ಪುಟದಲ್ಲಿ ಆ ಸುದ್ದಿ ಇತ್ತು: ಎರಡು ಕಾಲಂ, ಹನ್ನೊಂದು ಸೆಂಟಿಮೀಟರ್. ಮೂರನೆಯ ಪ್ಯಾರಾದಲ್ಲಿ, ಲೈನ್ ಕ್ಲಿಯರ್ ಪಡೆದೇ ಕೆಲಸ ಆರಂಭಿಸಲಾಗಿತ್ತು ಎಂದು ಅಲ್ಲಿನ ಎಂಜಿನಿಯರ್ ತಿಳಿಸಿದ್ದಾಗಿ ಬರೆದಿತ್ತು. ಆ ಪುಟವನ್ನು ಬಣ್ಣದಲ್ಲಿ ಪ್ರತಿ ತೆಗೆಸಿ ಉಪಾಧ್ಯಾಯಿನಿಗೆ ಕಳಿಸಿದೆ. ಪುಸ್ತಕಗಳನ್ನು ಆ ತಾಯಿ ನಮಗೆ ಕೊಡಲಿಲ್ಲ. ಅಲ್ಲಿಯೇ ಕುಳಿತು ಸ್ಕ್ಯಾನ್ ಮಾಡಿಕೊಳ್ಳಲು ಬಿಟ್ಟರು. ಒಂಬತ್ತನೆಯ ಪುಸ್ತಕ ಮುಕ್ಕಾಲು ಖಾಲಿ ಇದೆ. 2006ರಲ್ಲಿ ನಾವು ವರದಿಗಾರರಿಗೆಲ್ಲ ಒಂದು ಸುತ್ತೋಲೆ ಕಳಿಸಿದ್ದೆವು: ಇನ್ನು ಮುಂದೆ ಸುದ್ದಿಯ ತುಂಡುಗಳನ್ನು ಕಳಿಸಬೇಕಾಗಿಲ್ಲ, ಲೆಕ್ಕವನ್ನು ಕಂಪ್ಯೂಟರೇ ಇಟ್ಟುಕೊಳ್ಳುತ್ತದೆ ಎಂದು. ಆ ಸುತ್ತೋಲೆಯನ್ನೂ ಅವರು ಅದರಲ್ಲಿ ಅಂಟಿಸಿದ್ದಾರೆ. ಕೆಳಗೆ ನನ್ನ ಸಹಿ ಇದೆ.